ಚೌಳುಹೊಂಡದ ದಕ್ಷಿಣ ಮೂಲೆ

ಎಂಜಿನ್ನಿನ ಬುರುಡೆ ಕೆಂಪಗಾಗುವವರೆಗೆ ಉರಿ ಚಿಮ್ಮುವ ಊದುದೀಪ ಹಿಡಿದು ಕೂರಬೇಕು. ಕಲ್ಯಾಣದ ಬದ್ರುದ್ದೀನ್ ಸಾಹೇಬರ ಹಿಟ್ಟಿನ ಗಿರಣಿಯಲ್ಲಿ ಸಲಾವುದ್ದೀನ್ ಹದಿನೆಂಟು ವರ್ಷದಿಂದ ದಿನವೂ ಬೆಳಿಗ್ಗೆ ಹೀಗೆ ಕುಕ್ಕುರುಗಾಲಲ್ಲಿ ಕೂತು ಆ ಕಬ್ಬಿಣದ ತಲೆ ಕಾಯುವುದನ್ನು ನೋಡಿದ್ದಾನೆ. ಮೊದಲೆಲ್ಲ ಈ ಹೊತ್ತಿನಲ್ಲಿ ಅವನ ಮನಸ್ಸು ಖಾಲಿ ಇರುತ್ತಿತ್ತು. ಉರಿಯ ಭರ್ರೆನ್ನುವ ಸದ್ದು, ಹೊರಗೆ ಜೋಳದ ಚೀಲ ಇಳಿಸಿಕೊಂಡು ನಿಂತ ಎತ್ತುಗಳ ಗಂಟೆ, ಅಷ್ಟೇ. ಈಗ ಹಾಗಲ್ಲ. ಪಕ್ಕದ ಪೀಪಾಯಿಯಿಂದ ಕರೀ ಎಣ್ಣೆಯ ವಾಸನೆ ಮೂಗಿಗೆ ತಾಗಿದ ಕೂಡಲೇ ಮೋರಖಂಡಿ ದಾರಿಯಲ್ಲಿ ಅಗಸರು ಬಟ್ಟೆ ಒಗೆಯುವ ಉಪ್ಪುನೀರಿನ ಚೌಳುಹೊಂಡದ ದಕ್ಷಿಣ ಮೂಲೆ ಕಣ್ಣಿಗೆ ಬರುತ್ತದೆ. ಎರಡು ಮಂಚ ಹಾಸುವಷ್ಟು ಜಾಗದ ನೀರು. ಉಳಿದ ಹೊಂಡದ ಮೇಲೆಲ್ಲ ಹರಡಿರುವ ಬಣ್ಣಬಣ್ಣದ ಪೊರೆ ಅಲ್ಲಿಲ್ಲ. ದಂಡೆಯ ಅಂಟು ಕಪ್ಪು ಅಲ್ಲಿ ಒಡೆದು, ಮೊಸರಿನ ಕೆನೆಯಂಥ ಬೂದುಬಣ್ಣದ ಚೂರುಗಳಾಗಿ ಉದುರುತ್ತಿದೆ. ಇವತ್ತೂ ಬೆಳಕು ಹರಿಯುವ ಮುಂಚೆ ಹೋಗಿ ಬೆರಳದ್ದಿ ಮೂಸಿ ಬಂದಿದ್ದ. ಎಣ್ಣೆಯ ವಾಸನೆ ಇತ್ತೋ ಇಲ್ಲವೋ ತಿಳಿಯಲಿಲ್ಲ. ತನ್ನ ಬೆರಳಿಗೇ ಹದಿನೆಂಟು ವರ್ಷದ ಎಣ್ಣೆ ಇಳಿದಿರುವಾಗ ತನ್ನ ಮೂಗನ್ನು ನಂಬುವುದು ಹೇಗೆ ಎಂದು ಯೋಚಿಸುತ್ತ, ಕೈಯನ್ನು ಲುಂಗಿಗೆ ಒರೆಸಿಕೊಂಡು ಮತ್ತೆ ಮೂಸಿದ್ದ.

ಬಸವಣಪ್ಪ ಬಂದು ಕಟ್ಟೆಯ ಮೇಲೆ ಕೂತರು. ಊರ ಹೊರಗಿನ ಸುಣ್ಣದ ಭಟ್ಟಿ ಅವರದು. ಹಿಟ್ಟು ಬೀಸಿಸಲು ಆಳನ್ನು ಕಳಿಸಬಹುದಿತ್ತು, ಆದರೆ ಗಿರಣಿಯ ಕಟ್ಟೆಯಲ್ಲಿ ಕೂತು ನಾಲ್ಕು ಮಾತಾಡದಿದ್ದರೆ ಅವರಿಗೆ ದಿನ ಆರಂಭವಾಗದು. "ಮುದುಕರಿಗಿ ಶಾಖ ಕೊಟ್ಟು ಎಬ್ಬಿಸಿದಂಗ ಎಬ್ಬಿಸ್ತೀರಿ ನೋಡ್ರಿ ಮಿಸ್ತ್ರಿ ಇದಕ್ಕ" ಎಂದು ಎಂಜಿನ್ನಿನ ಕಡೆ ಗೋಣು ಹಾಕಿದರು. ಸಲಾವುದ್ದೀನ್ ನಕ್ಕ. ಆಮೇಲೆ ಅವರು ಹೇಳಿದ ಮಾತಿಗೆ ಅವನ ಕೈಯಲ್ಲಿನ ದೀಪ ಒಂದಿಷ್ಟು ಸರಿಯಿತು. ಉಗಾದಿಗೆ ಇನ್ನು ಎಂಟೇ ದಿನ ಇರುವುದರಿಂದ ಅಗಸರ ನಾಲ್ಕು ಮನೆಯವರೂ ಸೇರಿ ಇವತ್ತು ಹೊಂಡ ಉಗಿಯುತ್ತಿದ್ದಾರಂತೆ, ಹೂಳು ತೆಗೆದು ಹಸನು ಮಾಡಲು. ಹೋದ ವರ್ಷ ಮನಸ್ಸಿಲ್ಲದೆ ಬಿಟ್ಟಿದ್ದರು. ಈ ವರ್ಷ ಅಗಸರ ಸಖುಬಾಯಿ ಬಂದು ಕೈಮುಗಿದು ಕೇಳಿದಳಂತೆ, ಸುಣ್ಣ ಹಾಕಿದರೆ ಹೊಂಡದ ಕೊಳೆ ಸಾಯಬಹುದೇನೋ ಎಂದು. ಧರ್ಮಕ್ಕೆ ಎರಡು ಬಂಡಿ ಕಳಿಸಿದ್ದೇನೆ ಎಂದರು ಬಸವಣಪ್ಪ. ಮೊದಲು ದಕ್ಷಿಣದ ಮೂಲೆಯ ಮಣ್ಣನ್ನೆಲ್ಲ ಕೆರೆದು ಹೊರಗೆ ಹಾಕಿ, ಆಮೇಲೆ ಸುಣ್ಣ ಸುರಿಯುತ್ತಾರಂತೆ. ಯಾಕೆಂದರೆ ಯಾರೋ ಪಾಪಿಗಳು ಅವರನ್ನು ಹೊಂಡ ಬಿಡಿಸಬೇಕೆಂದು ಒಂದು ವರ್ಷದಿಂದ ಆ ಮೂಲೆಯಲ್ಲೇ ಸಗಣಿ ತಂದು ಹಾಕುತ್ತಿದ್ದಾರೆ, ಕದ್ದು. "ಎಂಥಾ ಮಂದಿ ಇರ್ತಾರ ನೋಡ್ರಿ. ಮಿಲಿಟ್ರಿಯವರು ಎಣ್ಣಿ ಚೆಲ್ಲಿ ಹೋದ್ರು, ಊರಾನವರು ಸಗಣಿ ಹಾಕಾಕತ್ತಾರ."

ಬುರುಡೆ ಕೆಂಪಗಾಗಿತ್ತು. ಚಕ್ರ ತಿರುಗಿಸಿದ. ಎಂಜಿನ್ನು ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಚರ್ಮದ ಪಟ್ಟಿ ಹಾಕಿ, ಬಸವಣಪ್ಪನವರ ಜೋಳವನ್ನು ಬಾಯಿಗೆ ಸುರಿದು, ಬಿಸಿಹಿಟ್ಟಿನ ಕೆಳಗೆ ಕೈಯೊಡ್ಡಿ ನುಣುಪು ನೋಡುವಾಗ ಅವನಿಗೆ ಕಂಡದ್ದು ಹಿಟ್ಟಲ್ಲ, ಸುಣ್ಣ. ಸುಣ್ಣ ಬಿದ್ದರೆ ಅಲ್ಲಿ ಒಂದು ಜೀವವೂ ಉಳಿಯದು. ಮಣ್ಣು ಕೆರೆದರೆ ಸುಣ್ಣವೂ ಬೇಕಾಗದು. ಒಂದು ವರ್ಷದಲ್ಲಿ ತಿಳಿಯಾದದ್ದು ಎರಡು ಮಂಚದಷ್ಟು ನೀರು. ಅದು ಹೋದರೆ ಮತ್ತೆ ಮೊದಲಿನಿಂದ, ಅದೂ ಮೊದಲಿನ ಬೀಜವೇ ಉಳಿಯದ ಹೊಂಡದಲ್ಲಿ. ಹೇಳಬೇಕು. ಆದರೆ ಏನೆಂದು ಹೇಳುವುದು? ಸಗಣಿ ಹಾಕಿದ ಪಾಪಿ ನಾನೇ ಎಂದರೆ, ಯಾಕೆ ಹಾಕಿದಿ ಎನ್ನುತ್ತಾರೆ. ಯಾಕೆ ಎನ್ನುವ ಮಾತು ಎಲ್ಲಿಯವರೆಗೆ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಹತ್ತು ಗಂಟೆಯ ಸುಮಾರಿಗೆ ಪಟ್ಟಿ ಹರಿದಿದೆ, ಹೊಲಿಸಿಕೊಂಡು ಬರುತ್ತೇನೆ ಎಂದು ಸಾಹೇಬರಿಗೆ ಸುಳ್ಳು ಹೇಳಿ ಎಂಜಿನ್ನು ನಿಲ್ಲಿಸಿದ. ಬದ್ರುದ್ದೀನ್ ಸಾಹೇಬರು ತಲೆಯೆತ್ತದೆ ಹ್ಞೂಂ ಅಂದರು. ಅವರಿಗೆ ಸುಳ್ಳು ಹೇಳುವುದು ಎಷ್ಟು ಸುಲಭವಾಗಿಬಿಟ್ಟಿದೆ ಎಂದುಕೊಂಡ.

ಅವರಿಗೆ ಹೇಳಿದ ಮೊದಲ ಸುಳ್ಳೂ ಹೀಗೆಯೇ ಸಲೀಸಾಗಿ ಇಳಿದಿತ್ತು. ಒಂದೂವರೆ ವರ್ಷದ ಹಿಂದೆ ಹೈದರಾಬಾದ್ ಸಂಸ್ಥಾನ ಬಿದ್ದ ಗಲಾಟೆ ಅಡಗಿ, ಮಿಲಿಟರಿ ಬಂದು, ನಾಲ್ಕು ತಿಂಗಳ ಮೇಲೆ ಹೈದರಾಬಾದಿನಿಂದ ತಿರುಗಿ ಬಂದ ಸಾಹೇಬರು ಗಿರಣಿಯ ಹಿಂದಿನ ಖಾಲಿ ಜಾಗ ನೋಡಿ ನಿಂತಿದ್ದರು. ಪೀಪಾಯಿಗಳನ್ನು ಮಿಲಿಟರಿಯವರು ಒಯ್ದರು ಎಂದ ಸಲಾವುದ್ದೀನ್. ಅವರು, ಹೋಗಲಿ, ಗೋಡೆ ಉಳಿದಿದೆಯಲ್ಲ ಎಂದು ಒಳಗೆ ಹೋದರು. ಅಷ್ಟೇ. ಹಾಗಾದರೆ ಆ ಮಧ್ಯಾಹ್ನ ಅವನು ಪಟ್ಟ ಭಯಕ್ಕೆ ಏನು ಅರ್ಥ? ಊರೆಲ್ಲ ಬಾಗಿಲು ಹಾಕಿಕೊಂಡಿತ್ತು. ಹೆಂಡತಿ ಖುರ್ಷೀದ್ ಬೇಗಂ ಮಗಳನ್ನು ಕರಕೊಂಡು ಹಿಂದಿನ ದಿನವೇ ಅಣ್ಣನ ಮನೆಗೆ ಹೈದರಾಬಾದಿಗೆ ಹೋಗಿದ್ದಳು. ಎಣ್ಣೆ ಇಟ್ಟುಕೊಂಡವರನ್ನು ಮನೆ ಸುಡುವವರೆಂದು ಹಿಡಿಯುತ್ತಾರೆ ಎಂದು ಯಾರೋ ಓಡುತ್ತ ಹೇಳಿ ಹೋಗಿದ್ದರು. ಯಾರು ಎಂಬುದೂ ಈಗ ನೆನಪಿಲ್ಲ. ಗಿರಣಿಯ ಹಿಂದೆ ನಾಲ್ಕು ತುಂಬಿದ ಪೀಪಾಯಿ. ನೆಲಕ್ಕೆ ಸುರಿದರೆ ಕಪ್ಪು ಕಲೆ ಸಾಕ್ಷಿ ಹೇಳುತ್ತದೆ. ಬಂಡಿ ಕಟ್ಟಿ, ಒಬ್ಬನೇ ಉರುಳಿಸಿ ಏರಿಸಿ, ಒಂದು ನರಪಿಳ್ಳೆಯಿಲ್ಲದ ಮೋರಖಂಡಿ ದಾರಿಯಲ್ಲಿ ಅರ್ಧ ಹರದಾರಿ ಹೋಗಿ ಹೊಂಡಕ್ಕೆ ಸುರಿದಿದ್ದ. ನೀರು ನುಂಗಿಬಿಡುತ್ತದೆ ಎಂದುಕೊಂಡಿದ್ದ. ಎಣ್ಣೆ ನೀರಿನ ಮೇಲೆ ತೇಲುತ್ತದೆ ಎಂಬುದು, ವರ್ಷಗಟ್ಟಲೆ ಎಣ್ಣೆಯಲ್ಲಿ ಕೈಯಾಡಿಸಿದ ಅವನಿಗೆ, ಆ ಮಧ್ಯಾಹ್ನ ಮರೆತೇ ಹೋಗಿತ್ತು. ನಾಲ್ಕನೆಯ ಪೀಪಾಯಿ ಬರಿದಾದಾಗ ತಿರುಗಿ ನೋಡಿದ. ಹೊಂಡ ನವಿಲುಗರಿಯಂತೆ ಹೊಳೆಯುತ್ತಿತ್ತು. ಖಾಲಿ ಪೀಪಾಯಿಗಳನ್ನು ರಸ್ತೆ ಬದಿಗೆ ಉರುಳಿಸಿ ಬಂದ. ಮೂರು ದಿನದ ಮೇಲೆ ಸೈನಿಕರ ಲಾರಿಯೊಂದು ಗಿರಣಿಯ ಮುಂದೆ ನಿಂತಿತು. ಇವನು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಇಳಿದ ಹುಡುಗನಂಥ ಸಿಪಾಯಿ ಕುಡಿಯಲು ನೀರು ಕೇಳಿದ, ಕುಡಿದ, ಹುಮನಾಬಾದ್ ಯಾವ ಕಡೆ ಎಂದು ಕೇಳಿಕೊಂಡು ಹೋದ. ಹೊಂಡಕ್ಕೆ ಎಣ್ಣೆ ಚೆಲ್ಲಿದ್ದು ಮಿಲಿಟರಿಯವರೇ ಎಂದು ಊರು ನಂಬಿತು, ಪೀಪಾಯಿಯ ಮಾತನ್ನು ಆಮೇಲೆ ಯಾರೂ ಕೇಳಲಿಲ್ಲ. ಒಬ್ಬರಾದರೂ ಕೇಳಿದ್ದರೆ ಆ ಭಯಕ್ಕೆ ಒಂದು ಮರ್ಯಾದೆ ಇರುತ್ತಿತ್ತು.

ದಾರಿಯ ಎರಡೂ ಕಡೆ ಕಡಲೆ ಕಿತ್ತ ಹೊಲ ಬಿರುಕು ಬಿಟ್ಟಿತ್ತು. ಒಂದು ಟಗರು ದಾರಿಗಡ್ಡ ನಿಂತು ಅವನನ್ನು ನೋಡಿತು. ಹೋಗೆಂದು ಕೈ ಬೀಸಿದ, ಅದು ಕದಲಲಿಲ್ಲ, ಇವನೇ ಬಳಸಿ ಹೋದ. ಇಂಥ ಸಣ್ಣ ಸೋಲುಗಳು ಈಚೆಗೆ ಬಹಳವಾಗಿವೆ. ಇದೇ ಫಾಲ್ಗುಣದ ಆರಂಭದಲ್ಲಿ ಕುಂಬಾರ ಓಣಿಯಲ್ಲಿ ಒಂದು ಮದುವೆ. ಮದುಮಗ ಕುದುರೆಯಿಂದ ಇಳಿದು ಹಂದರದವರೆಗೆ ನಡೆಯುವಾಗ ಅವನ ಕಾಲಡಿಗೆ ಸೀರೆ ಹಾಸುತ್ತ ಹೋಗುವುದು ಊರ ಅಗಸರ ಹಕ್ಕು. ಮೂವತ್ತು ವರ್ಷದಿಂದ ಈ ಓಣಿಗಳಲ್ಲಿ ಅದು ಸಖುಬಾಯಿಯದು. ಅವಳು ಮಡಿಸಿದ ಸೀರೆ ಎದೆಗವುಚಿಕೊಂಡು ಬಂದು ನಿಂತಾಗ ಹೆಣ್ಣಿನ ಸೋದರಮಾವ ಸೀರೆಯ ಅಂಚನ್ನು ಮೂಗಿಗೆ ಹಿಡಿದ. ಹಿಂದೆ ನಿಂತಿದ್ದ ಹುಮನಾಬಾದಿನ ಅಗಸನಿಗೆ ಕಣ್ಣು ಮಾಡಿದ. ಅವನನ್ನು ಮೊದಲೇ ಕರೆಸಿದ್ದರು. ಸಖುಬಾಯಿ ಒಂದು ಹೆಜ್ಜೆ ಹಿಂದೆ ಸರಿದು, ಮದುವೆ ನೋಡಲು ಬಂದವಳಂತೆ ನಿಂತಳು. ಸೀರೆಯನ್ನು ಬೆನ್ನ ಹಿಂದೆ ಹಿಡಿದಿದ್ದಳು. ಅವಳ ಎದುರು ಸಾಲಿನಲ್ಲಿ ನಿಂತಿದ್ದ ಸಲಾವುದ್ದೀನ್ ಅವಳ ಕಣ್ಣು ತನ್ನ ಕಡೆ ಬಂದಾಗ ತಲೆ ತಗ್ಗಿಸಿದ. ಅವಳು ಅದನ್ನು ಮರುಕವೆಂದು ತಿಳಿದಳು. ಮರುದಿನ ಬಟ್ಟೆ ಒಯ್ಯಲು ಬಂದಾಗ ಹೇಳಿಯೂ ಹೇಳಿದಳು, ನಿನ್ನೆ ನನ್ನ ಸಂಕಟ ಒಬ್ಬರ ಮುಖದಾಗರೆ ಕಂಡೆ ಅಂತ. ಒಂದೊಂದೇ ಮನೆಯವರು ಬಟ್ಟೆ ಕೊಡುವುದನ್ನು ನಿಲ್ಲಿಸಿದ್ದರು. ಅವಳೇ ಗಿರಣಿಯ ಎಣ್ಣೆಬಟ್ಟೆ ಒಗೆದು ಒಗೆದು ಹೊಂಡ ಕೆಡಿಸಿಕೊಂಡಳು ಎಂದೂ ಕೆಲವರು ಆಡಿದ್ದರು. ಈಗ ಅವಳಿಗೆ ಉಳಿದಿರುವುದು ಅವನ ಮನೆಯೊಂದೇ. "ನಿಮ್ಮ ಅರಿವಿಗಿ ಮೊದಲ ಎಣ್ಣಿ, ನಿಮಗ ನಮ್ಮ ವಾಸನಿ ಏನು ಗೊತ್ತಾಗಬೇಕು" ಎಂದು ನಗುತ್ತಾಳೆ. ನಗುವಾಗ ಅವನಿಗೆ ಋಣಿಯಾದವಳಂತೆ ಸೆರಗು ಸರಿಮಾಡಿಕೊಳ್ಳುತ್ತಾಳೆ. ಆ ಸೆರಗು ಸರಿಮಾಡಿಕೊಳ್ಳುವುದನ್ನು ನೋಡಲಾರದೆ ಅವನು ಗಂಟನ್ನು ಹೊಸ್ತಿಲ ಹೊರಗಿಟ್ಟು ಒಳಗೆ ನಿಲ್ಲುವುದನ್ನು ಕಲಿತಿದ್ದ.

ಹೊಂಡಕ್ಕೆ ಮದ್ದಿದೆ ಎಂಬುದು ಅವನಿಗೆ ಹೊಳೆದದ್ದು ಇದಕ್ಕೆಲ್ಲ ಬಹಳ ಮುಂಚೆ, ಹೊಂಡ ಕೆಟ್ಟ ಮೂರನೆಯ ತಿಂಗಳ ಒಂದು ದಿನ. ಗಿರಣಿಗೆ ಬರುವ ಮುಂಚೆ ಹನ್ನೊಂದು ವರ್ಷ ಅವನು ಹೈದರಾಬಾದಿನ ಕಾಲೇಜೊಂದರಲ್ಲಿ ಗಾಜಿನ ನಳಿಕೆ ತೊಳೆಯುವ ಕೆಲಸದಲ್ಲಿದ್ದ. ಅಲ್ಲಿ ಮಣ್ಣಿನ ಪರೀಕ್ಷೆ ಮಾಡುವ ಸಾಹೇಬರೊಬ್ಬರಿದ್ದರು. ಮಾತಾಡಲು ಯಾರೂ ಇಲ್ಲದ ದಿನ ಇವನ ಜೊತೆ ಮಾತಾಡುವರು. ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ, ಕೆಲವು ಸೀಮೆಎಣ್ಣೆಯನ್ನೂ ತಿಂದು ಬದುಕುತ್ತವೆ, ಸಮುದ್ರದ ಉಪ್ಪು ಕೆಸರಿನಲ್ಲೂ ಇರುತ್ತವೆ ಎಂದು ಒಂದು ಸಲ ಹೇಳಿದ್ದರು. ಆದರೆ ಬರೀ ಎಣ್ಣೆ ತಿಂದು ಬದುಕಲಾರವು, ಗೊಬ್ಬರದ ಸತ್ವ ಬೇಕು, ಗಾಳಿ ಬೇಕು. ಇಪ್ಪತ್ತು ವರ್ಷ ಆ ಮಾತು ಎಲ್ಲಿ ಕೂತಿತ್ತೋ. ಸೋಡಾ ಬಾಟಲಿಗಳನ್ನು ಕೂಡಿಹಾಕಿ, ಬೂದಿಯಿಂದ ತಿಕ್ಕಿ, ಕುದಿಸಿ, ಹೊಂಡದ ನೀರು ತುಂಬಿ, ಎಣ್ಣೆಯ ಹನಿ ಬಿಟ್ಟು, ಗಾಣಿಗರ ಅಂಗಳದಿಂದ ಮಣ್ಣು ತಂದು ಹಾಕಿದ. ಎಣ್ಣೆ ತಿನ್ನುವವು ಎಣ್ಣೆಯ ಮನೆಯಲ್ಲಿ ತಾನೇ ಇರಬೇಕು ಎಂದು ಅವನ ಲೆಕ್ಕ. ಒಂದೂ ಕೆಲಸ ಮಾಡಲಿಲ್ಲ. ಉಪ್ಪುನೀರಿಗೆ ಬಿದ್ದ ಕೂಡಲೇ ಸತ್ತಿರಬೇಕು. ಆಮೇಲೆ ಹೊಂಡದ ದಂಡೆಯ ಚೌಳುಮಣ್ಣನ್ನೇ ತಂದ. ಅದೂ ಕೆಲಸ ಮಾಡಲಿಲ್ಲ. ತಿಂಗಳು ಕಳೆದ ಮೇಲೆ, ಒಲೆಯ ಮುಂದೆ ಒಬ್ಬನೇ ರೊಟ್ಟಿ ಬಡಿಯುತ್ತಿರುವಾಗ ತಪ್ಪು ತಿಳಿಯಿತು. ಹನ್ನೊಂದು ವರ್ಷದ ಅಭ್ಯಾಸದಿಂದ ಬಾಟಲಿಯ ಜೊತೆಗೆ ಮಣ್ಣನ್ನೂ ಕುದಿಸಿದ್ದ, ಕೊಳಕು ಹೋಗಲಿ ಅಂತ. ಯಾವುದನ್ನು ಬದುಕಿಸಬೇಕೋ ಅದನ್ನು ಶುದ್ಧ ಮಾಡಿ ಕೊಂದಿದ್ದ. ಖುರ್ಷೀದ್ ಇದ್ದಿದ್ದರೆ ಹೇಳಿ ನಗಬಹುದಿತ್ತು. ಅವಳ ಕಾಗದದಲ್ಲಿ ಒಂದೇ ಮಾತು ಇರುತ್ತದೆ, ಅಲ್ಲೇನಿದೆ, ಬಂದುಬಿಡಿ. ಅಲ್ಲೇನಿದೆ ಎಂದು ಬರೆಯಲು ಅವನಿಗೆ ಬರುವುದಿಲ್ಲ. ಕುದಿಸದ ಚೌಳುಮಣ್ಣು, ಒಂದು ಚಿಟಿಕೆ ಸಗಣಿ, ದಿನಕ್ಕೆರಡು ಸಲ ಅಲುಗಾಡಿಸಿದ ಬಾಟಲಿ ಹತ್ತೊಂಬತ್ತನೆಯ ದಿನ ಮಬ್ಬಾಯಿತು. ಎಣ್ಣೆಯ ಹನಿ ಅಂಚಿನಲ್ಲಿ ಸವೆದು, ನೂಲಿನಂತೆ ಬಿಟ್ಟುಕೊಂಡು ಚೂರಾಯಿತು. ಅವತ್ತು ಅವನು ಯಾರಿಗೂ ಹೇಳದೆ ಬಾಗಿಲು ಹಾಕಿಕೊಂಡು ಕೂತಿದ್ದ. ಮರುದಿನದಿಂದ ಗಿರಣಿಯ ಮುಂದೆ ನಿಲ್ಲುವ ಎತ್ತುಗಳ ಸಗಣಿ ಬಳಿದು, ಬುಟ್ಟಿಯಲ್ಲಿ ಹೊತ್ತು, ಕತ್ತಲಿರುವಾಗಲೇ ಹೊಂಡದ ದಕ್ಷಿಣ ಮೂಲೆಗೆ ಒಯ್ದು ಕಲಕಿ, ಬೆಳಕಾಗುವಷ್ಟರಲ್ಲಿ ತಿರುಗಿ ಬರುತ್ತಿದ್ದ.

ಹೊಂಡದ ದಂಡೆಯಲ್ಲಿ ಎರಡು ಬಿಳಿ ಗುಡ್ಡೆ ದೂರದಿಂದಲೇ ಕಂಡವು. ಚೌಳು ಬೆಳ್ಳಗೆ ಹೂತ ನೆಲದ ಮೇಲೆ ಸುಣ್ಣ ಇನ್ನೂ ಬೆಳ್ಳಗೆ ಕಾಣುತ್ತಿತ್ತು. ಕತ್ತೆಗಳು ಜಾಲಿಯ ನೆರಳಿನಲ್ಲಿ ನಿಂತಿದ್ದವು. ಸಖುಬಾಯಿ, ಅವಳ ತಮ್ಮ ಮಡೆಪ್ಪ, ಅವನ ಹೆಂಡತಿ ಜಿಜಾಬಾಯಿ, ಇನ್ನು ನಾಲ್ಕಾರು ಜನ ಮೊಣಕಾಲು ನೀರಿನಲ್ಲಿದ್ದರು. ಮಡೆಪ್ಪ ದಕ್ಷಿಣದ ಮೂಲೆಯಲ್ಲೇ ಸಲಿಕೆ ಹಿಡಿದಿದ್ದ. ಒಂದು ಬುಟ್ಟಿ ಮಣ್ಣು ಆಗಲೇ ಮೇಲೆ ಬಂದಿತ್ತು. ನಿಲ್ಲಿಸಿ ಎಂದು ಕೂಗಬೇಕೆಂದಿದ್ದ ಸಲಾವುದ್ದೀನ್, ಬಂದವನೇ ಏನು ನಡೆದಿದೆ ಎಂದು ಕೇಳುವ ದಾರಿಹೋಕನಂತೆ ಕೇಳಿದ. ಹೊಂಡ ಉಗಿಯಾಕತ್ತೀವಿ ಎಂದಳು ಸಖುಬಾಯಿ. ಅವಳ ಮುಖ ಅರಳಿತ್ತು. ಒಂದೂವರೆ ವರ್ಷದ ಮೇಲೆ ಏನಾದರೊಂದು ಮಾಡುತ್ತಿರುವ ಸಂತೋಷ ಅದು. ಗಿರಣಿ ನಿಲ್ಲಿಸಿ ಬಂದಿರಾ ಎಂದು ಕೇಳಿ, ಉತ್ತರಕ್ಕೆ ಕಾಯದೆ, ಸಗಣಿ ಹಾಕುವವನು ಸಿಕ್ಕರೆ ಅವನ ಕೈಯಿಂದಲೇ ಈ ಮಣ್ಣು ಬಳಿಸುತ್ತೇನೆ ಎಂದಳು. ಜಿಜಾಬಾಯಿ, ಬಾಯಿಂದ ಬಳಿಸಬೇಕು ಎಂದಳು. ಎಲ್ಲರೂ ನಕ್ಕರು.

ಮಡೆಪ್ಪ ಮತ್ತೆ ಸಲಿಕೆ ಹಾಕಿದ. ಅದು ಮೆತ್ತನೆಯ ಮಣ್ಣಿಗೆ ಇಳಿದ ಸದ್ದು ಸಲಾವುದ್ದೀನನ ಕಿವಿಗೆ ಬಹಳ ಹತ್ತಿರದಲ್ಲಿ ಕೇಳಿಸಿತು.

"ಮಡೆಪ್ಪ, ಅದು ಬಿಡು. ಸಗಣಿ ನಾ ಹಾಕಿದ್ದು."

ಯಾರಿಗೂ ಅರ್ಥವಾಗಲಿಲ್ಲ. ಸಖುಬಾಯಿ ನಗು ಮುಖದಲ್ಲೇ ಉಳಿದಂತೆ ಅವನನ್ನು ನೋಡಿದಳು. ಅವನು ಚಪ್ಪಲಿ ಬಿಟ್ಟು ನೀರಿಗಿಳಿದ. ಮಾತಿಗಿಂತ ಕೈ ಅವನಿಗೆ ಸುಲಭ. ಒಗೆಯುವ ಬಂಡೆಯ ಕಡೆಯಿಂದ ಒಂದು ಬೊಗಸೆ ನೀರು ತಂದು ಅವಳ ಮುಂದೆ ಹಿಡಿದ. ಬೆರಳ ಸಂದಿಯಲ್ಲಿ ಬಣ್ಣದ ಪೊರೆ ಸುತ್ತಿಕೊಂಡಿತು. ಅದನ್ನು ಚೆಲ್ಲಿ, ಮೂಲೆಯ ನೀರು ಬೊಗಸೆ ತುಂಬಿ ತಂದ. ಕಲಕಿದ ನೀರು, ಬೂದುಬಣ್ಣದ ಚೂರುಗಳು ತೇಲುತ್ತಿದ್ದವು. ಪೊರೆ ಇರಲಿಲ್ಲ. ಮಡೆಪ್ಪ ಬಗ್ಗಿ ಮೂಸಿದ. ಸಗಣಿ ವಾಸನಿ ಅದ ಎಂದ. ಮತ್ತೆ ಮೂಸಿದ. ಎಣ್ಣಿದಿಲ್ಲ ಎಂದ, ತನಗೇ ಹೇಳಿಕೊಳ್ಳುವಂತೆ.

ಆಗ ಸಲಾವುದ್ದೀನ್ ದಂಡೆಗೆ ಹತ್ತಿ ನಿಂತು ಹೇಳಿದ. ಕಾಲೇಜಿನ ಸಾಹೇಬರು, ಬಾಟಲಿಗಳು, ಕುದಿಸಿದ ತಪ್ಪು, ಎಲ್ಲವನ್ನೂ. ಈ ಚೌಳಿನಲ್ಲೇ ಹುಟ್ಟಿ ಈ ಉಪ್ಪಿನಲ್ಲೇ ಬದುಕುವ ಜೀವಿಗಳು ಎಣ್ಣೆಯನ್ನು ತಿನ್ನುತ್ತಿವೆ, ಬೇರೆ ಕಡೆಯವು ಇಲ್ಲಿ ಬದುಕವು, ಈ ಮೂಲೆಯ ಮಣ್ಣೇ ಹೆಪ್ಪು, ಇದನ್ನು ತೆಗೆದು ಉಳಿದ ದಂಡೆಗೆಲ್ಲ ಹಚ್ಚಬೇಕೇ ಹೊರತು ಹೊರಗೆ ಎಸೆಯಬಾರದು, ಸುಣ್ಣವಂತೂ ಒಂದು ಮುಷ್ಟಿಯೂ ಬೀಳಬಾರದು. ಬರೇ ರೊಟ್ಟಿ ತಿಂದು ಇರಾಕ ಆಗ್ತದಾ, ಹಂಗ ಅವಕ್ಕ ಎಣ್ಣಿ ರೊಟ್ಟಿ, ಸಗಣಿ ಪಲ್ಯ ಎಂದ. "ಹುಳಕ್ಕೂ ಪಲ್ಯ ಬೇಕಂತ, ನಮ್ಮನ್ಯಾಗ ಬರೇ ಖಾರ" ಎಂದಳು ಜಿಜಾಬಾಯಿ, ಮಡೆಪ್ಪನ ಕಡೆ ನೋಡಿ. ಈ ಸಲದ ನಗು ಬೇರೆ ತರಹ ಇತ್ತು. ಮಡೆಪ್ಪ ಮೇಲೆ ಹಾಕಿದ್ದ ಬುಟ್ಟಿಯ ಮಣ್ಣನ್ನು ತಾನೇ ಹೊತ್ತು ತಂದು, ಕೂಸನ್ನು ಇಳಿಸುವಂತೆ ಮತ್ತೆ ಮೂಲೆಗೆ ಇಳಿಸಿದ. ಇಬ್ಬರು ಹೋಗಿ ಸುಣ್ಣದ ಗುಡ್ಡೆಯ ಸುತ್ತ ಕಲ್ಲಿಟ್ಟರು, ಗಾಳಿಗೆ ಹಾರಿ ಬೀಳದಂತೆ. ಸಲಾವುದ್ದೀನನಿಗೆ ಉಸಿರು ಸಲೀಸಾಯಿತು. ಉಳಿಯಿತು. ಇಷ್ಟಕ್ಕೇ ಬಂದದ್ದು, ಅದು ಆಯಿತು. ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳುವುದೇ ಇಲ್ಲ ಎಂಬುದು ಅವನಿಗೆ ನಿಧಾನವಾಗಿ ತಿಳಿಯುತ್ತ ಬಂತು. ಒಳ್ಳೆಯದು ಮಾಡಿದವನನ್ನು ಯಾಕೆ ಮಾಡಿದಿ ಎಂದು ಯಾರು ಕೇಳುತ್ತಾರೆ?

ಸಖುಬಾಯಿ ಈಗ ನೀರಿನಿಂದ ಮೇಲೆ ಬಂದು, ಸೊಂಟಕ್ಕೆ ಸಿಕ್ಕಿಸಿದ ಸೀರೆಯ ನೆರಿಗೆ ಇಳಿಬಿಟ್ಟು, ಅವನ ಕಾಲಿನ ಮುಂದಿನ ನೆಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. "ಒಂದು ವರ್ಷ ಕದ್ದು ಸಗಣಿ ಹೊತ್ರಿ, ನಮ್ಮ ಸಲುವಾಗಿ. ನಾ ದಿನಾ ನಿಮಗ ಶಾಪ ಹಾಕೇನಿ, ಸಾಹೇಬ್ರ. ಊರಾಗ ಒಬ್ಬರೂ ನಮ್ಮ ಕಡಿ ನೋಡಲಿಲ್ಲ. ನೀವೊಬ್ಬರ ನೋಡಿದ್ರಿ."

ಅವಳ ಬೆರಳ ತುದಿಯಲ್ಲಿ ಚೌಳಿನ ಬಿಳಿ ಹತ್ತಿತ್ತು. ಹಣೆಗೂ ಹತ್ತಿತ್ತು. ಅವನು ಹಿಂದಕ್ಕೆ ಸರಿಯಹೋದ, ಜಾಗವಿರಲಿಲ್ಲ, ಹಿಂದೆ ಬಂಡೆ ಇತ್ತು. ಈಗ ಏನಾದರೂ ಹೇಳಿ ನಗಬಹುದು. ಅಷ್ಟೇನಿಲ್ಲ ಸಖುಬಾಯಿ ಎನ್ನಬಹುದು. ಇವತ್ತಿನಿಂದ ಹಗಲಿನಲ್ಲೇ ಇವರೆಲ್ಲರ ಜೊತೆ ಸಗಣಿ ಕಲಕಬಹುದು, ನೆರಳಿನಲ್ಲಿ ಕೂತು ಇವರು ಕೊಟ್ಟ ರೊಟ್ಟಿ ತಿನ್ನಬಹುದು. ಎರಡು ಮಳೆಗಾಲದಲ್ಲಿ ಹೊಂಡ ತಿಳಿಯಾಗುತ್ತದೆ. ಊರವರು ಮಿಸ್ತ್ರಿ ಮಾಡಿದ್ದು ಎನ್ನುತ್ತಾರೆ. ಅದೂ ಸುಳ್ಳಲ್ಲ. ಇಷ್ಟು ದಿನ ಅವನು ಹೆದರಿದ್ದು ಬೈಗುಳಕ್ಕೆ, ಕಲ್ಲಿಗೆ, ಸಾಹೇಬರು ಗಿರಣಿಯಿಂದ ಹೊರಗೆ ಹಾಕುವುದಕ್ಕೆ. ಈ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದಕ್ಕೆ ಅವನು ಸಿದ್ಧನಾಗಿ ಬಂದಿರಲಿಲ್ಲ. ಮದುವೆಯ ಓಣಿಯಲ್ಲಿ ಸೀರೆಯನ್ನು ಬೆನ್ನ ಹಿಂದೆ ಹಿಡಿದ ಅದೇ ಕೈ ಇದು. ಆ ಕೈಯಿಂದ ಈ ನಮಸ್ಕಾರವನ್ನೂ ತೆಗೆದುಕೊಂಡರೆ ಇನ್ನು ತೆಗೆದುಕೊಳ್ಳಲು ಏನೂ ಉಳಿಯುವುದಿಲ್ಲ.

"ಆ ಎಣ್ಣಿ ಮಿಲಿಟ್ರಿದಲ್ಲ, ಸಖುಬಾಯಿ" ಎಂದ. ದನಿ ಮಾಮೂಲಿಯಾಗಿತ್ತು, ಜೋಳ ನುಣ್ಣಗೆ ಬೀಸಲೋ ತರಿಯೋ ಎಂದು ಕೇಳುವ ದನಿ. "ಗಿರಣಿದು. ನಾಲ್ಕು ಪೀಪಾಯಿ. ನಾನೇ ತಂದು ಸುರುವಿದ್ದು."

ನೀರಿನಲ್ಲಿದ್ದವರು ನಿಂತರು. ಜಾಲಿಯ ಕೆಳಗೆ ಕತ್ತೆಯೊಂದು ಮೈ ಕೊಡವಿದ ಸದ್ದು ಬಂತು. ಮಡೆಪ್ಪ ಸಲಿಕೆಯನ್ನು ಎತ್ತಲೂ ಇಲ್ಲ, ಕೆಳಗಿಡಲೂ ಇಲ್ಲ. ಸಖುಬಾಯಿ ಅವನ ಮುಖವನ್ನಲ್ಲ, ಅವನ ಕೈಗಳನ್ನು ನೋಡುತ್ತಿದ್ದಳು. ಯಾವತ್ತು ಎಂದು ಕೇಳಿದಳು. ಊರು ಬಾಗಿಲು ಹಾಕಿಕೊಂಡ ದಿನ, ಮಧ್ಯಾಹ್ನ ಎಂದ.

"ಯಾಕ?"

"ಅಂಜಿಕಿ."

ಅವಳು ಆ ಮಾತನ್ನು ಅಗಿದು ನೋಡುವವಳಂತೆ ದವಡೆ ಆಡಿಸಿದಳು. "ನಾವೂ ಅಂಜಿದ್ವಿ" ಎಂದಳು. "ಹೊಂಡದ ಮಗ್ಗಲಿಗೇ ನಮ್ಮ ಗುಡಿಸಲ. ಮೂರು ದಿನ ಒಲಿ ಹಚ್ಚಲಿಲ್ಲ, ಹೊಗಿ ಕಂಡೀತಂತ. ಆದ್ರ ನಾವು ಯಾರ ನೀರಿಗೂ ಏನೂ ಸುರುವಲಿಲ್ಲ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಅದರ ಕೆಳಗೆ ನಿಲ್ಲಲು ಜಾಗ ಸಿಗುತ್ತಿತ್ತು. ಕತ್ತೆಯ ಕಡೆ ನಡೆದು ಹೋದಳು. ಇವತ್ತಿನ ಒಗೆತಕ್ಕೆ ಕಟ್ಟಿ ತಂದಿದ್ದ ಒಂದೇ ಗಂಟು ಅದರ ಬೆನ್ನ ಮೇಲಿತ್ತು, ಅವನ ಮನೆಯದು. ಬಿಚ್ಚಿ ಬಂಡೆಯ ಮೇಲೆ ಹರಡಿದಳು. ಅವನ ಅಂಗಿ, ಲುಂಗಿ, ಗಿರಣಿಯ ಎರಡು ಕರೀ ಚಡ್ಡಿ, ದಿಂಬಿನ ಚೀಲ ಒಂದೊಂದನ್ನೇ ತೆಗೆದು ಒಣ ಕಲ್ಲಿನ ಮೇಲೆ ಒಟ್ಟಿದಳು. ತಳದಲ್ಲಿ ತಿಳಿನೀಲಿಯ ಒಂದು ಓಢಣಿ ಇತ್ತು. ಖುರ್ಷೀದಳದು. ಅವಳು ಹೋಗಿ ಒಂದೂವರೆ ವರ್ಷವಾಗಿದ್ದರೂ ತಿಂಗಳಿಗೊಮ್ಮೆ ಅವನು ಅದನ್ನು ಗಂಟಿಗೆ ಹಾಕುತ್ತಿದ್ದ. ಯಾರೂ ಹೊದೆಯದ ಓಢಣಿ ತಿಂಗಳಿಗೊಮ್ಮೆ ಒಗೆಯಲು ಯಾಕೆ ಬರುತ್ತದೆ ಎಂದು ಸಖುಬಾಯಿ ಒಂದು ದಿನವೂ ಕೇಳಿರಲಿಲ್ಲ. ಅವಳಿಗೆ ಗೊತ್ತಿತ್ತು ಎಂಬುದು ಅವನಿಗೆ ಈಗ, ಅವಳು ಅದನ್ನು ಎರಡೂ ಕೈಯಿಂದ ಬಿಡಿಸಿ ಬೆಳಕಿಗೆ ಹಿಡಿದಾಗ, ಗೊತ್ತಾಯಿತು.

"ಬೇಗಮ್ಮಾರದು ಒಗದು ಕೊಡ್ತೀನಿ" ಎಂದಳು. "ನಿಮ್ಮದು ಒಲ್ಲೆ."

ಅಗಸರು ಬಟ್ಟೆ ಒಲ್ಲೆ ಎನ್ನುವುದು ಈ ಊರುಗಳಲ್ಲಿ ಸಣ್ಣ ಮಾತಲ್ಲ. ಪಂಚರು ಕೂತು ಒಬ್ಬನನ್ನು ಊರಿನಿಂದ ಹೊರಗಿಟ್ಟಾಗ ಮಾತ್ರ ಆಡುವ ಮಾತು. ಪಂಚರಿಲ್ಲದೆ, ಕೂಗಿಲ್ಲದೆ, ತನಗೆ ಉಳಿದ ಒಂದೇ ಮನೆಯನ್ನು ಅವಳು ಹಾಗೆ ಹೊರಗಿಟ್ಟಳು. ಸಲಾವುದ್ದೀನ್ ಕಲ್ಲಿನ ಮೇಲಿನ ಬಟ್ಟೆಗಳನ್ನು ಎತ್ತಿಕೊಂಡ. ಕಂಕುಳಲ್ಲಿ ಸರಿಯಾಗಿ ನಿಲ್ಲಲಿಲ್ಲ, ಅಂಗಿಯ ತೋಳು ಜೋತುಬಿತ್ತು, ಸರಿಪಡಿಸಿಕೊಂಡ. ಚಪ್ಪಲಿ ಎಲ್ಲಿ ಬಿಟ್ಟಿದ್ದೆ ಎಂದು ಹುಡುಕಬೇಕಾಯಿತು. ಅವನು ಹುಡುಕುವುದನ್ನು ಎಲ್ಲರೂ ನೋಡುತ್ತ ನಿಂತಿದ್ದರು. ಮೆಟ್ಟಿಕೊಂಡು ಹತ್ತು ಹೆಜ್ಜೆ ಹೋದ ಮೇಲೆ ಹಿಂದಿನಿಂದ ಸಖುಬಾಯಿಯ ದನಿ ಬಂತು. ಇನ್ನೂ ಎಷ್ಟು ದಿನ ಸಗಣಿ ಬೇಕು ಎಂದು ಕೇಳುತ್ತಿದ್ದಳು. ಅವನು ತಿರುಗಿ ಎರಡು ಮಳೆಗಾಲ ಎಂದ. ನಾಳೆ ಎಷ್ಟು ಹೊತ್ತಿಗೆ ತರುತ್ತೀರಿ ಎಂದಳು. ಬೆಳಕು ಹರಿಯುವ ಮುಂಚೆ ಎಂದ, ದಿನದಂತೆ.

"ಬೆಳಕಿನಾಗ ತರ್ರಿ" ಎಂದಳು. ಅವಳಾಗಲೇ ಓಢಣಿಯನ್ನು ನೀರಿಗೆ ಅದ್ದಿದ್ದಳು, ದಕ್ಷಿಣದ ಮೂಲೆಯಲ್ಲಿ. "ಪ್ಯಾಟಿ ನಡುವಿಂದ ತರ್ರಿ. ಮಂದಿ ಕೇಳ್ತಾರ. ಹೇಳ್ರಿ."

ಮರುದಿನ ಗಿರಣಿಯ ಮುಂದಿನ ಸಗಣಿ ಬಳಿದು ಬುಟ್ಟಿ ತುಂಬುವಷ್ಟರಲ್ಲಿ ಬಿಸಿಲು ಏರಿತ್ತು. ಸಾಹೇಬರು ಇನ್ನೂ ಬಂದಿರಲಿಲ್ಲ. ಅವರು ಬಂದ ಮೇಲೆ ಅವರಿಗೂ ಹೇಳಬೇಕು, ಇವತ್ತೇ. ಮೊದಲು ಇದು. ತಲೆಗೆ ಸಿಂಬಿ ಸುತ್ತಿ ಬುಟ್ಟಿ ಏರಿಸಿಕೊಂಡ. ಕತ್ತಲಲ್ಲಿ ಹಗುರವಾಗಿದ್ದ ಬುಟ್ಟಿ ಬೆಳಕಿನಲ್ಲಿ ಕುತ್ತಿಗೆಯನ್ನು ಒತ್ತುತ್ತಿತ್ತು. ಸಗಣಿಯ ನೀರು ಕಿವಿಯ ಹಿಂದೆ ಇಳಿಯಿತು. ಪೇಟೆಯಲ್ಲಿ ಅಂಗಡಿಗಳು ಬಾಗಿಲು ತೆರೆಯುತ್ತಿದ್ದವು. ಕೆಲವರು ನೋಡಿದರು, ಕೆಲವರು ನೋಡಿ ನೋಡದವರಂತೆ ಒಳಗೆ ಹೋದರು. ಅದು ಅವನಿಗೆ ಸಮಾಧಾನವೆನಿಸಿತು, ಸಮಾಧಾನವೆನಿಸಿದ್ದಕ್ಕೆ ನಾಚಿಕೆಯೂ ಆಯಿತು. ಯಾರೂ ಕೇಳದಿದ್ದರೆ ಸುಮ್ಮನೆ ಹೋಗಿಬಿಡಬಹುದಲ್ಲ ಎಂದು ಒಂದು ಆಸೆ, ಎಲೆಅಡಿಕೆ ಅಂಗಡಿಯವರೆಗೂ, ಅದರ ಮುಂದಿನ ತಿರುವಿನವರೆಗೂ ಅವನ ಜೊತೆಗೇ ನಡೆದು ಬಂತು. ತಿರುವಿನಲ್ಲಿ ಬಸವಣಪ್ಪ ಎದುರಾದರು. ಮೂಗಿಗೆ ಧೋತರದ ಚುಂಗು ಹಿಡಿದು ನಿಂತು, ಇವನೇ ಹೌದೋ ಅಲ್ಲವೋ ಎಂದು ಕಣ್ಣು ಕಿರಿದು ಮಾಡಿ ನೋಡಿದರು.

"ಏನ್ ಮಿಸ್ತ್ರಿ, ಎಂಜಿನ್ ಬಿಟ್ಟು ಸಗಣಿ ಹೊರೂದು ಯಾವಾಗಿಂದ?"

"ಒಂದು ವರ್ಷ ಆತ್ರಿ" ಎಂದ ಸಲಾವುದ್ದೀನ್. ಮುಂದಿನದು ಉದ್ದವಿತ್ತು. ಹೊತ್ತುಕೊಂಡು ಹೇಳುವಂಥದಲ್ಲ ಅನಿಸಿ, ನಡುಬೀದಿಯಲ್ಲಿ ಬುಟ್ಟಿಯನ್ನು ಎರಡೂ ಕೈಯಿಂದ ಇಳಿಸಿ ನೆಲಕ್ಕಿಟ್ಟ.